ತಲೆಯ ಮೇಲೆ ಸುರಿಯುವ ಮಳೆ: ಸೌಂಡ್ ಡಿಸೈನ್ ಕಲಿಯಲು ಒಂದು ನಿಮಿಷದ ಅಭ್ಯಾಸ

ಸೌಂಡ್ ಡಿಸೈನ್ ಕಲಿಯಬೇಕು ಎನ್ನುವವರ ಮೊದಲ ಪ್ರಶ್ನೆ ‘ಯಾವ ಸಾಫ್ಟ್‌ವೇರ್?’ ಎಂಬುದು. ಉತ್ತರ ಸುಲಭ: ರೀಪರ್. 60 ದಿನ ಹಣ ಕೊಡದೆ ಬಳಸಿ ನೋಡಬಹುದು. ಕಷ್ಟವಿರುವುದು ಬೇರೆ ಕಡೆ. ಯಾವ ಶಬ್ದ ಬೇಕು, ಯಾವುದು ಬೇಡ, ಬೇಕಾದದ್ದು ಎಲ್ಲಿಂದ ಕೇಳಬೇಕು ಎಂದು ನಿರ್ಧರಿಸಲು ಕಿವಿ ಪಳಗಿರಬೇಕು.

ಪಳಗಿಸಲು ಒಂದು ನಿಮಿಷದ ದೃಶ್ಯ ಸಾಕು. ಮಲೆನಾಡಿನ ಹೆಂಚಿನ ಮನೆ, ರಾತ್ರಿ, ಜಡಿಮಳೆ. ಜಗಲಿಯಲ್ಲಿ ಕುಳಿತ ಹೆಂಗಸು ಯಾರಿಗೋ ಕಾಯುತ್ತಿದ್ದಾಳೆ. ಫೋನಿನಲ್ಲಿ ತೆಗೆದ ವಿಡಿಯೊ ಇದ್ದರೂ ನಡೆಯುತ್ತದೆ.

ಮೊದಲು ಪಟ್ಟಿ

ದೃಶ್ಯದಲ್ಲಿ ಕೇಳಬೇಕಾದ್ದನ್ನೆಲ್ಲ ಬರೆಯಿರಿ: ಮಾತು, ಪರಿಸರದ ಶಬ್ದ, ಬಳೆ–ಸೆರಗು–ಹೆಜ್ಜೆಯಂಥ ಸಣ್ಣ ಸದ್ದುಗಳು. ಪ್ರತಿಯೊಂದರ ಮುಂದೆ ಅದು ಚೌಕಟ್ಟಿನೊಳಗೆ ಕಾಣುತ್ತದೆಯೇ, ಎಷ್ಟು ದೂರದಲ್ಲಿದೆ ಎಂದು ಗುರುತು ಹಾಕಿ. ಮಾದರಿ ಬೇಕಿದ್ದರೆ 1979ರ ‘ಅಪೊಕ್ಯಾಲಿಪ್ಸ್ ನೌ’ ಚಿತ್ರದ ಆರಂಭವನ್ನು ಕಣ್ಣು ಮುಚ್ಚಿ ಕೇಳಿ. ಅದರ ಸೌಂಡ್ ಡಿಸೈನರ್ ವಾಲ್ಟರ್ ಮರ್ಚ್ ಅಲ್ಲಿ ಹೆಲಿಕಾಪ್ಟರಿನ ಸದ್ದನ್ನು ಪ್ರೇಕ್ಷಕರ ಸುತ್ತ ತಿರುಗಿಸಿದ್ದಾರೆ.

ಮಳೆಯನ್ನು ಹಿಡಿಯುವುದು

‘ಮಳೆ’ ಎಂಬ ಒಂದೇ ಶಬ್ದ ಇಲ್ಲ. ಹೆಂಚಿನ ಮೇಲೆ ಬೀಳುವುದೇ ಬೇರೆ, ತಗಡಿನ ಮೇಲೆ ಬೇರೆ, ಕೆಸುವಿನ ಎಲೆಯ ಮೇಲೆ ಇನ್ನೂ ಬೇರೆ. ಸೂರಿನಿಂದ ಬಕೆಟ್ಟಿಗೆ ತೊಟ್ಟಿಕ್ಕುವ ನೀರಿಗೆ ತನ್ನದೇ ಲಯವಿದೆ. ಬಕೆಟ್ ತುಂಬುತ್ತಾ ಬಂದಂತೆ ಸದ್ದೂ ಬದಲಾಗುತ್ತದೆ. ಇವನ್ನೆಲ್ಲ ಬೇರೆಬೇರೆಯಾಗಿ, ತಲಾ ಎರಡು ನಿಮಿಷ ರೆಕಾರ್ಡ್ ಮಾಡಿ. ಒಟ್ಟಿಗೆ ಹಿಡಿದರೆ ಆಮೇಲೆ ಬಿಡಿಸಲಾಗದು.

ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್ ಇರಲಿ. ಜೋರಾದ ಸದ್ದು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಲಿ. ಹೆಡ್‌ಫೋನ್ ಹಾಕಿಕೊಂಡೇ ರೆಕಾರ್ಡ್ ಮಾಡಿ, ಮೈಕಿಗೆ ಗಾಳಿ ತಡೆಯುವ ಹೊದಿಕೆ ಹಾಕಿ. ಫೋನಾದರೂ ಆದೀತು, ಆದರೆ ಅನೇಕ ಫೋನುಗಳು ಮಟ್ಟವನ್ನು ತಾವೇ ಏರಿಳಿಸಿ ಕೆಡಿಸುತ್ತವೆ. ಸಣ್ಣ ರೆಕಾರ್ಡರ್ ಯಾರದಾದರೂ ಎರವಲು ಸಿಕ್ಕರೆ ಒಳ್ಳೆಯದು. ಯಾರೂ ಮಾತಾಡದ ಜಗಲಿಯ ಮೌನವನ್ನೂ ಒಂದು ನಿಮಿಷ ಹಿಡಿಯಿರಿ. ಮಾತಿನ ತುಣುಕುಗಳ ನಡುವಿನ ಸಂದು ಮುಚ್ಚಲು ಅದು ಬೇಕೇ ಬೇಕು.

ಈಗ ಮಳೆಗಾಲ ಅಲ್ಲವೆಂದಾದರೆ ಅಡಿಕೆ ಹಾಳೆಯ ಮೇಲೆ ಅಕ್ಕಿ ಸುರಿಯಿರಿ, ಹನಿಗಳು ಸಿಗುತ್ತವೆ. ಫ್ರೀಸೌಂಡ್ ಜಾಲತಾಣದಿಂದ ಎತ್ತಿಕೊಳ್ಳುವುದಾದರೆ ಪ್ರತಿ ಕಡತದ ಲೈಸೆನ್ಸ್ ಓದಿ. ಕೆಲವನ್ನು ವಾಣಿಜ್ಯ ಕೆಲಸಕ್ಕೆ ಬಳಸುವಂತಿಲ್ಲ.

ಮೋನೊದಲ್ಲೇ ಗೆಲ್ಲಿ

ಎಡ–ಬಲಕ್ಕೆ ಹಂಚುವ ಮೊದಲು ಎಲ್ಲವನ್ನೂ ಮೋನೊದಲ್ಲಿ ಮಿಕ್ಸ್ ಮಾಡಿ. ದೂರವನ್ನು ಮೋನೊದಲ್ಲೂ ತೋರಿಸಬಹುದು: ಮಟ್ಟ ಇಳಿಸಿ, ತೀಕ್ಷ್ಣವಾದ ಮೇಲಿನ ಆವರ್ತನಗಳನ್ನು ತಗ್ಗಿಸಿ, ಒಳಾಂಗಣವಾದರೆ ಅನುರಣನ ಹೆಚ್ಚಿಸಿ. ಮಾತು ಮಳೆಯಲ್ಲಿ ಮುಳುಗುತ್ತಿದ್ದರೆ ಮಾತನ್ನು ಏರಿಸಬೇಡಿ, ಮಳೆಯ ಒಂದೆರಡು ಪದರ ಕಿತ್ತುಹಾಕಿ. ಇಲ್ಲಿ ದೃಶ್ಯ ನಿಲ್ಲದಿದ್ದರೆ ಮುಂದಿನ ಹಂತ ಅದನ್ನು ಉಳಿಸುವುದಿಲ್ಲ. ಹೊಸಬರ ಹೆಚ್ಚಿನ ಕೆಲಸ ಸೋಲುವುದು ಈ ಹಂತವನ್ನು ಹಾರಿದ್ದರಿಂದಲೇ ಎಂಬುದು ನನ್ನ ಅಭಿಪ್ರಾಯ.

ಈಗ ಸುತ್ತಲೂ

ಬಲಗಡೆಯ ಸದ್ದು ಎಡಗಿವಿಗಿಂತ ಬಲಗಿವಿಗೆ ಮೊದಲು ತಲುಪುತ್ತದೆ (ಈ ಅಂತರ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ), ತುಸು ಜೋರಾಗಿಯೂ ಕೇಳುತ್ತದೆ. ಮೇಲೆ–ಕೆಳಗೆ, ಹಿಂದೆ–ಮುಂದೆ ಎಂಬ ಸುಳಿವು ಹೊರಗಿವಿಯ ಮಡಿಕೆಗಳಿಂದ ಬರುತ್ತದೆ. ಈ ವ್ಯತ್ಯಾಸಗಳನ್ನು ಲೆಕ್ಕಹಾಕಿ ಹೆಡ್‌ಫೋನಿಗೆ ಕೊಡುವುದೇ ಬೈನಾರಲ್ ವಿಧಾನ.

ಇದಕ್ಕೆ ಬೇಕಾದ, ಆಸ್ಟ್ರಿಯಾದ ಗ್ರಾಝ್‌ನಲ್ಲಿ ರೂಪಿಸಿದ ಐಇಎಂ ಪ್ಲಗಿನ್‌ಗಳು ಉಚಿತ. ರೀಪರ್‌ನಲ್ಲಿ ಪ್ರತಿ ಟ್ರ್ಯಾಕಿಗೂ ಸ್ಟೀರಿಯೊ ಎನ್‌ಕೋಡರ್ ಹಾಕಿ ದಿಕ್ಕು, ಎತ್ತರ ಕೊಡಿ. ಎಲ್ಲವನ್ನೂ ಒಂದು ಟ್ರ್ಯಾಕಿಗೆ ಕಳಿಸಿ, ಅಲ್ಲಿ ಬೈನಾರಲ್ ಡಿಕೋಡರ್ ಹಾಕಿ. ಸದ್ದನ್ನು ಸುತ್ತಲಿನ ದಿಕ್ಕುಗಳೊಂದಿಗೆ ಹೀಗೆ ಹಿಡಿದಿಡುವ ವಿಧಾನ ಆಂಬಿಸೋನಿಕ್ಸ್; ಅದರ ಮೂರನೆಯ ಆರ್ಡರ್‌ಗೆ 16 ಚಾನೆಲ್ ಬೇಕು. ಟ್ರ್ಯಾಕ್ ಮೊದಲಿಗೆ ಎರಡೇ ಚಾನೆಲ್‌ನದಾಗಿರುತ್ತದೆ. ಅದನ್ನೂ ಕಳಿಸುವ ದಾರಿಯನ್ನೂ 16ಕ್ಕೆ ಏರಿಸಲು ಮರೆತರೆ ಏನೂ ಸುತ್ತುವುದಿಲ್ಲ. ಕೇಳುವಾಗ ಫೋನ್ ಅಥವಾ ಹೆಡ್‌ಫೋನಿನ ಸ್ವಂತ ಸ್ಪೇಷಿಯಲ್ ಸೌಲಭ್ಯವನ್ನು ಆಫ್ ಮಾಡಿ.

ಮಾತು ಮುಂದೆಯೇ ಇರಲಿ. ಹೆಂಚಿನ ಮಳೆ ಮೇಲೆ, ಅಗಲವಾಗಿ. ಬಕೆಟ್ಟಿನ ಹನಿ ಮಾತ್ರ ಒಂದು ಮೂಲೆಯಲ್ಲಿ. ಚಿಕ್ಕ, ಚೂಪು ಸದ್ದಿನ ದಿಕ್ಕು ಬೇಗ ಗೊತ್ತಾಗುತ್ತದೆ. ಗುಡುಗಿನ ತಳದ ಗುಡುಗುಡುಗೆ ದಿಕ್ಕು ಕೊಟ್ಟು ಪ್ರಯೋಜನವಿಲ್ಲ. ಅವಳು ಕಾಯುತ್ತಿದ್ದವನ ಹೆಜ್ಜೆ ಹಿಂದಿನಿಂದ ಬರಲಿ ಅನಿಸುತ್ತದೆ, ಬರಲಿ. ಆದರೆ ಹಿಂದೆ ಇದ್ದಕ್ಕಿದ್ದಂತೆ ಜೋರು ಸದ್ದಾದರೆ ಥಿಯೇಟರಿನಲ್ಲಿ ಜನ ಪರದೆ ಬಿಟ್ಟು ಹೊರಬಾಗಿಲಿನತ್ತ ತಿರುಗುತ್ತಾರೆ.

2012ರಲ್ಲಿ ‘ಬ್ರೇವ್’ ಚಿತ್ರದೊಂದಿಗೆ ಬಂದ ಡಾಲ್ಬಿ ಅಟ್ಮಾಸ್ ಕೂಡ ಇದೇ ಯೋಚನೆಯದು. ಅದರಲ್ಲಿ 128 ಟ್ರ್ಯಾಕ್‌ವರೆಗೆ ಇಡಬಹುದು. ಹರಡಿದ ಸದ್ದು ‘ಬೆಡ್’ಗೆ ಹೋಗುತ್ತದೆ, ಚಲಿಸುವ ಸದ್ದು ‘ಆಬ್ಜೆಕ್ಟ್’ ಆಗಿ ತನ್ನ ಜಾಗದ ವಿವರ ಹೊತ್ತು ಸಾಗುತ್ತದೆ. ಯಾವ ಸ್ಪೀಕರ್ ಮೊಳಗಬೇಕೆಂದು ಲೆಕ್ಕಹಾಕುವುದು ಆಯಾ ಥಿಯೇಟರಿನ ಯಂತ್ರ.

ಮುಂದೆ ಎಲ್ಲಿ?

ಬೆಂಗಳೂರಿನ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆಯಲ್ಲಿ ಧ್ವನಿಗ್ರಹಣದ ಡಿಪ್ಲೊಮಾ ಇದೆ. ಪುಣೆಯ ಚಲನಚಿತ್ರ ಸಂಸ್ಥೆ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ ಇವುಗಳಿಗೆ ಪ್ರವೇಶ ಪರೀಕ್ಷೆ ಮೂಲಕ ಸೇರಬಹುದು. ‘ಸ್ಲಮ್‌ಡಾಗ್ ಮಿಲಿಯನೇರ್’ಗೆ ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಎಫ್‌ಟಿಐಐನಲ್ಲಿ ಓದಿದವರು. ಅರ್ಹತೆ, ಶುಲ್ಕಕ್ಕೆ ಆಯಾ ವರ್ಷದ ಪ್ರಕಟಣೆ ನೋಡಿ. ಅರ್ಜಿ ಹಾಕುವ ಮುನ್ನ ಇಂಥ ಎರಡು–ಮೂರು ದೃಶ್ಯ ಮುಗಿಸಿಟ್ಟುಕೊಳ್ಳಿ. ಸ್ಟುಡಿಯೊಗೆ ಸಹಾಯಕರಾಗಿ ಸೇರಲು ಹೋದರೂ ತೋರಿಸಲು ಕೈಯಲ್ಲಿ ಕೆಲಸವಿರುತ್ತದೆ.