ಅಂಗೈ ಗಣಕದ ಸ್ಮೃತಿ ಮತ್ತು ಸಂಗ್ರಹ

ಬ್ಯಾಂಕಿನಲ್ಲಿ ನಗದು ಗುಮಾಸ್ತನ ಮೇಜಿನ ಪೆಟ್ಟಿಗೆ ಬೇರೆ, ಒಳಗಿನ ಭದ್ರಕೋಣೆ ಬೇರೆ. ಮೊದಲನೆಯದು ಕೈಯಾಡಿಸಲು, ಎರಡನೆಯದು ಕಾಪಾಡಲು. ಗಣಕಯಂತ್ರದಲ್ಲಿಯೂ ಇಂತಹ ಎರಡು ಸ್ಥಾನಗಳುಂಟು. ‘ರ‍್ಯಾಮ್’ ಎಂಬ ಕಾರ್ಯಸ್ಮೃತಿ ಬಲು ವೇಗವಾದುದು. ಆದರೆ ವಿದ್ಯುತ್ತು ನಿಂತೊಡನೆ ಅದರಲ್ಲಿರುವುದೆಲ್ಲ ಅಳಿಯುತ್ತದೆ. ಶಾಶ್ವತ ಸಂಗ್ರಹವು ನಿಧಾನ. ಆದರೆ ವಿದ್ಯುತ್ತಿಲ್ಲದೆಯೂ ಬರೆದುದನ್ನು ಉಳಿಸಿಕೊಳ್ಳುತ್ತದೆ.

ಪೆಟ್ಟಿಗೆಯನ್ನೇ ಭದ್ರಕೋಣೆಯಾಗಿ ಬಳಸಿದ ಯಂತ್ರವೂ ಒಂದಿತ್ತು. 1996ರಲ್ಲಿ ಅಮೆರಿಕದ ಪಾಮ್ ಸಂಸ್ಥೆಯು ಹೊರತಂದ ‘ಪೈಲಟ್ 1000’ದಲ್ಲಿ ವಿಳಾಸ, ದಿನಚರಿ, ಟಿಪ್ಪಣಿಗಳೆಲ್ಲವೂ 128 ಕಿಲೋಬೈಟ್ ರ‍್ಯಾಮ್‌ನಲ್ಲಿಯೇ ಇರುತ್ತಿದ್ದವು. ಅದರ ಒಂದು ಭಾಗ ಕೆಲಸಕ್ಕೆ, ಉಳಿದುದು ದಾಖಲೆಗೆ. ದಾಖಲೆಯನ್ನು ಇದ್ದಲ್ಲಿಯೇ ತಿದ್ದುತ್ತಿದ್ದುದರಿಂದ ‘ಉಳಿಸು’ ಎಂದು ಆಜ್ಞಾಪಿಸುವ ಅಗತ್ಯವಿರಲಿಲ್ಲ. ಆದರೆ ಅದರ ಪ್ರಾಣ ಎರಡು ಪುಟ್ಟ ಬ್ಯಾಟರಿಗಳಲ್ಲಿತ್ತು. ಅವು ಪೂರ್ಣವಾಗಿ ಬರಿದಾದರೆ ದಾಖಲೆಗಳೆಲ್ಲವೂ ಮಾಯ. ಆದುದರಿಂದಲೇ ಮೇಜಿನ ಗಣಕಕ್ಕೆ ಪ್ರತಿಯೊಂದನ್ನು ಕಳುಹಿಸುವ ಗುಂಡಿಯೊಂದನ್ನು ಅದಕ್ಕೆ ಒದಗಿಸಲಾಗಿತ್ತು. ನಿತ್ಯವೂ ಅದನ್ನೊತ್ತಿದವನು ಒಂದು ದಿನದ ಬರಹವನ್ನಷ್ಟೇ ಕಳೆದುಕೊಂಡಾನು; ಮರೆತವನು ಎಲ್ಲವನ್ನೂ.

ಇದಕ್ಕೆ ಪರಿಹಾರವಾಗಿ ಬಂದುದು ‘ಫ್ಲ್ಯಾಶ್’. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಓಕಾ ಅವರು 1980ರ ದಶಕದಲ್ಲಿ ಇದನ್ನು ರೂಪಿಸಿದರು. ವಿದ್ಯುನ್ನಿರೋಧಕದಿಂದ ಆವೃತವಾದ ಸೂಕ್ಷ್ಮ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಸೆರೆಹಿಡಿದಾಗ ಅವು ವರ್ಷಗಟ್ಟಲೆ ಅಲ್ಲಿಯೇ ನಿಲ್ಲುತ್ತವೆ. ಆದರೆ ಇದರಲ್ಲಿ ಅಕ್ಷರಕ್ಕೊಂದರಂತೆ ಅಳಿಸಲಾಗದು. ಒಂದು ಖಂಡವನ್ನೇ ಒಟ್ಟಾಗಿ ಅಳಿಸಬೇಕು. ಬರೆದು ಅಳಿಸಿದಷ್ಟೂ ಖಂಡವು ಸವೆಯುತ್ತದೆ. ಆದಕಾರಣ ನಿಯಂತ್ರಕ ಚಿಪ್ ಈ ಸವೆತವನ್ನು ಎಲ್ಲ ಖಂಡಗಳಿಗೂ ಸಮನಾಗಿ ಹಂಚುತ್ತದೆ. 2005ರ ‘ವಿಂಡೋಸ್ ಮೊಬೈಲ್ 5.0’ ಬಳಕೆದಾರರ ದಾಖಲೆಗಳನ್ನು ರ‍್ಯಾಮ್‌ನಿಂದ ಫ್ಲ್ಯಾಶ್‌ಗೆ ಸ್ಥಳಾಂತರಿಸಿತು.

ಇಂದಿನ ಮೊಬೈಲ್ ಫೋನಿನ ಜಾಹೀರಾತಿನಲ್ಲಿ ಕಾಣುವ ‘8 ಜಿಬಿ, 128 ಜಿಬಿ’ ಎಂಬ ಅಂಕಿಗಳು ಈ ಪೆಟ್ಟಿಗೆ ಮತ್ತು ಭದ್ರಕೋಣೆಗಳ ಅಳತೆಗಳೇ. ರ‍್ಯಾಮ್ ಸಾಲದಾದಾಗ ಫೋನು ತಾನಾಗಿಯೇ ಹಿನ್ನೆಲೆಯ ಕೆಲಸಗಳನ್ನು ಮುಚ್ಚಿ ಸ್ಥಳ ಮಾಡಿಕೊಳ್ಳುತ್ತದೆ. ಸಂಗ್ರಹವು ತುಂಬಿದಾಗಲಾದರೋ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂಬ ತೀರ್ಮಾನ ಫೋನಿನ ಒಡೆಯನದು.

ಫ್ಲ್ಯಾಶ್ ರಕ್ಷಿಸುವುದು ಬ್ಯಾಟರಿ ಬರಿದಾಗುವ ಅಪಾಯದಿಂದ ಮಾತ್ರ. ಕಳವು, ನೀರು, ಲೋಕಲ್ ರೈಲಿನ ನೂಕುನುಗ್ಗಲು ಇವುಗಳಿಂದಲ್ಲ. ಊರಿನ ಬಂಧುಗಳ ದೂರವಾಣಿ ಸಂಖ್ಯೆ, ವೃದ್ಧ ತಂದೆತಾಯಿಯರ ಔಷಧಗಳ ಪಟ್ಟಿ, ರಕ್ತಪರೀಕ್ಷೆಯ ವರದಿ ಇವೆಲ್ಲ ಒಂದೇ ಯಂತ್ರದಲ್ಲಿದ್ದರೆ, ಅದು ಹೋದ ದಿನ ಅವೂ ಹೋದಂತೆಯೇ. ವಾರಕ್ಕೊಮ್ಮೆಯಾದರೂ ಮತ್ತೊಂದು ಸ್ಥಳದಲ್ಲಿ ಪ್ರತಿಯೊಂದನ್ನು ಇರಿಸುವುದು ಲೇಸು. ಔಷಧಗಳ ಪಟ್ಟಿಯನ್ನಂತೂ ಕಾಗದದಲ್ಲಿಯೂ ಬರೆದಿಡತಕ್ಕದ್ದು.