ತಲೆಗೆ ಪೆಟ್ಟು: ಗಾಯ ಮಾಯ್ದರೂ ಹೊತ್ತು ತಿಳಿಯದು

ಶಿರಾ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು, ಕೊರಟಗೆರೆ ಕಡೆ ತೆಂಗಿನ ಮರದಿಂದ ಜಾರಿದವರು, ಮಧುಗಿರಿ, ಪಾವಗಡದಲ್ಲಿ ಹುಣಸೆ ಬಡಿಯಲು ಹತ್ತಿ ಕೆಳಗುರುಳಿದವರು ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬರುತ್ತಾರೆ. ನೋಡಲು ಮೊದಲಿನಂತೆಯೇ. ಆದರೆ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ. ಐದು ನಿಮಿಷ ಕಾದರೆ ಅರ್ಧ ಗಂಟೆಯಾಯಿತೆಂದು ರೇಗುತ್ತಾರೆ. 'ಸೋಮಾರಿಯಾದ' ಎಂದು ಮನೆಯವರು ಬೈಯುವುದು ಇಲ್ಲಿಂದಲೇ ಶುರು.

ಇದು ಸೋಮಾರಿತನವಲ್ಲ. ಮಿದುಳಿನಲ್ಲಿ ಗಡಿಯಾರವೆಂಬ ಒಂದೇ ಭಾಗವಿಲ್ಲ. ಹಣೆಯ ಹಿಂದಿರುವ ಮುಂಭಾಗ, ಆಳದಲ್ಲಿರುವ ನರಕೋಶಗಳ ಗುಂಪುಗಳು, ಕಿರುಮಿದುಳು ಇವೆಲ್ಲ ಕೂಡಿ ಹೊತ್ತಿನ ಅಂದಾಜು ಮಾಡುತ್ತವೆ. ಗಮನ ನಿಲ್ಲದಿದ್ದರೆ ಈ ಲೆಕ್ಕವೂ ತಪ್ಪುತ್ತದೆ. ಪೆಟ್ಟಿಗೆ ಮಿದುಳು ಅಲುಗಾಡಿದಾಗ ಸೂಕ್ಷ್ಮ ನರತಂತುಗಳು ಜಗ್ಗಿ ಹರಿಯಬಹುದು, ಸಿ.ಟಿ. ಸ್ಕ್ಯಾನಿನಲ್ಲಿ ಅದು ಕಾಣದೆಯೂ ಇರಬಹುದು. ಅಪಘಾತದ ನಂತರದ ಕೆಲವು ದಿನಗಳು ನೆನಪಿನಲ್ಲಿ ಉಳಿಯದಿರುವುದೂ ಉಂಟು.

ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಮಾತನಾಡುವಾಗ ಟಿ.ವಿ. ಆರಿಸಿ. 'ಇವತ್ತು ಯಾವ ವಾರ ಹೇಳು' ಎಂದು ನೆಂಟರ ಮುಂದೆ ಪರೀಕ್ಷೆ ಮಾಡಬೇಡಿ, ನೀವೇ ಹೇಳಿಬಿಡಿ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕಿಸಿ, ಮೊಬೈಲಿನಲ್ಲಿ ಅಲಾರಂ ಇಡಿ. ನಿದ್ದೆ ಕೆಡಬಾರದು, ಮದ್ಯ ಕೂಡದು. ವೈದ್ಯರು ಒಪ್ಪುವವರೆಗೆ ಬೈಕೂ ಬೇಡ, ಮರವೂ ಬೇಡ.

ವಾರಗಳು ಕಳೆದರೂ ತೊಂದರೆ ಇಳಿಯದಿದ್ದರೆ ನರರೋಗ ತಜ್ಞರನ್ನು ಕಾಣಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಮನ ಮತ್ತು ನೆನಪಿನ ಪರೀಕ್ಷೆ, ತರಬೇತಿ ಎರಡೂ ಇವೆ. ಆದರೆ ತಲೆನೋವು ಏರುತ್ತಿದ್ದರೆ, ಮತ್ತೆ ಮತ್ತೆ ವಾಂತಿ, ಫಿಟ್ಸ್, ಮಂಪರು ಕಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡಿ.