ತಂತಿರಹಿತ ಜಾಲ: ವರ್ತಕರು ಅರಿಯಬೇಕಾದ ಸಂಗತಿಗಳು

ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್, ಗೋದಾಮಿನ ಲ್ಯಾಪ್‌ಟಾಪ್, ಕಚೇರಿಯ ಪ್ರಿಂಟರ್ ಇವುಗಳನ್ನು ರೇಡಿಯೋ ತರಂಗಗಳ ಮೂಲಕ ಜೋಡಿಸುವ ವ್ಯವಸ್ಥೆಯೇ ವೈ-ಫೈ. ಇದರ ಮೂಲ ಮಾನಕವಾದ 802.11 ರೂಪುಗೊಂಡದ್ದು 1997ರಲ್ಲಿ. ರೌಟರ್‌ಗಳು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ತರಂಗಪಟ್ಟಿಗಳಲ್ಲಿ ಕಾರ್ಯ ನಿರ್ವಹಿಸುತ್ತವೆ. ಮೊದಲನೆಯದು ಗೋಡೆ ದಾಟಿ ದೂರ ಸಾಗುತ್ತದೆ. ಎರಡನೆಯದಕ್ಕೆ ವೇಗ ಹೆಚ್ಚು, ವ್ಯಾಪ್ತಿ ಕಡಿಮೆ. ಕಬ್ಬಿಣದ ಕಪಾಟು, ಯಂತ್ರಗಳ ನಡುವೆ ಎರಡೂ ಕ್ಷೀಣಿಸುತ್ತವೆ.

ತಂತಿಯು ಗೋಡೆಯೊಳಗೇ ಉಳಿಯುತ್ತದೆ, ತರಂಗವು ಉಳಿಯದು. ಬೀದಿಯಲ್ಲಿ ನಿಂತವನಿಗೂ ಅದು ದೊರೆಯುತ್ತದೆ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಕಳುಹಿಸಲಾದ ಬೆದರಿಕೆಯ ಇ-ಮೇಲ್‌ನ ಜಾಡು ನವಿ ಮುಂಬಯಿಯ ಒಂದು ಮನೆಗೆ ಮುಟ್ಟಿತು. ಅಲ್ಲಿನ ವೈ-ಫೈಗೆ ರಕ್ಷಣೆಯಿರಲಿಲ್ಲ. ಅದನ್ನು ಬಳಸಿಕೊಂಡವರು ಬೇರೆಯವರು, ವಿಚಾರಣೆ ಎದುರಿಸಬೇಕಾಗಿ ಬಂದದ್ದು ಮನೆಯವರಿಗೆ.

ಆದ್ದರಿಂದ ರೌಟರ್‌ನೊಂದಿಗೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸತಕ್ಕದ್ದು. ಡಬ್ಲ್ಯುಇಪಿ ಎಂಬ ಹಳೆಯ ರಕ್ಷಣಾ ಪದ್ಧತಿಯನ್ನು ಕೆಲವೇ ನಿಮಿಷಗಳಲ್ಲಿ ಭೇದಿಸಬಹುದು; ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ಪದ್ಧತಿಯನ್ನೇ ಆರಿಸಿಕೊಳ್ಳಬೇಕು. ಗ್ರಾಹಕರಿಗೆ ವೈ-ಫೈ ಒದಗಿಸುವುದು ಸೌಜನ್ಯವೇ ಸರಿ. ಆದರೆ ಅದಕ್ಕಾಗಿ ಅತಿಥಿ ಜಾಲವನ್ನು ಪ್ರತ್ಯೇಕವಾಗಿರಿಸಬೇಕು. ತಿಜೋರಿಯ ಕೀಲಿಯನ್ನು ಮಗನ ಕೈಗೂ ಕೊಡದ ವರ್ತಕರು ಪಾಸ್‌ವರ್ಡನ್ನು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿರುವುದನ್ನು ಲೆಕ್ಕಪರಿಶೋಧನೆಯ ವೇಳೆ ಕಂಡಿದ್ದೇನೆ! ನೌಕರನು ಕೆಲಸ ಬಿಟ್ಟಾಗ ಬೀಗದ ಕೈಯನ್ನು ಹಿಂಪಡೆಯುವಂತೆ ಪಾಸ್‌ವರ್ಡನ್ನೂ ಅಂದೇ ಬದಲಿಸಬೇಕು. ಲೆಕ್ಕಪತ್ರಗಳಿರುವ ಮುಖ್ಯ ಕಂಪ್ಯೂಟರನ್ನು ತಂತಿಯಿಂದಲೇ ಜೋಡಿಸುವುದು ಲೇಸೆಂದು ನನ್ನ ಅಭಿಪ್ರಾಯ; ಕೇಬಲ್ಲಿಗೆ ತಗಲುವ ವೆಚ್ಚ ಅಲ್ಪ.